ಸೂಪರ್ ಮಾರ್ಕೆಟ್ ಹಿಂದಿನ ಖಾನಾವಳಿ: ಮಧ್ಯಾಹ್ನ ಹೋಗಿ, ರಾತ್ರಿ ಬೇಡ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯೊಂದರಲ್ಲಿ ಈ ಖಾನಾವಳಿ ಇದೆ. ಬೋರ್ಡಿನ ಅಕ್ಷರ ಬಿಸಿಲಿಗೆ ಮಾಸಿ ಹೆಸರು ಓದಲು ಬರುವುದಿಲ್ಲ. ಓದುವ ಜರೂರತ್ತೂ ಯಾರಿಗೂ ಬಿದ್ದಿಲ್ಲ. ಊರಿನ ಹೆಸರು ಗುಲ್ಬರ್ಗಾ ಇದ್ದಾಗಿನಿಂದ, ಅಂದರೆ 2014ಕ್ಕೂ ಮುಂಚಿನಿಂದ ನಾನು ಇಲ್ಲಿ ಉಣ್ಣುತ್ತಿದ್ದೇನೆ. ಆಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಈಗ ಸೊಸೆ. ಗಲ್ಲಾದ ಹತ್ತಿರ ಮಗ.

ಮೊದಲು ರೊಟ್ಟಿಯ ವಿಷಯ. ಇಲ್ಲಿಗೆ ಹೋಗುವುದೇ ಅದಕ್ಕೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟಿಲ್ಲ. ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ಅದಕ್ಕೇ ಇವರು ದಿನಕ್ಕೆ ಬೇಕಾದಷ್ಟೇ ಮಾಲ್ದಂಡಿ ಜೋಳ ಗಿರಣಿಗೆ ಕಳಿಸುತ್ತಾರೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಒಂದು ಕಿಟಕಿ ಇದೆ. ಸೊಸೆಗೆ ಕೂತಲ್ಲಿಂದಲೇ ನಮ್ಮ ತಟ್ಟೆ ಕಾಣುತ್ತದೆ. ನಿಮ್ಮ ರೊಟ್ಟಿ ಅರ್ಧ ಆಗುವಷ್ಟರಲ್ಲಿ ಮುಂದಿನದು ಹಂಚಿನ ಮೇಲೆ ಬಿದ್ದಿರುತ್ತದೆ. ಮೇಲೆ ನೀರು ಸವರಿ, ತಿರುವಿ ಹಾಕಿ, ಉಬ್ಬಿದ ಕೂಡಲೇ ತಟ್ಟೆಗೆ. ಅವಸರ ಮಾಡಿದರೆ ಒಳಗಿನಿಂದ ಉತ್ತರ ಬರುತ್ತದೆ: "ಬರ್ಲಿಕತ್ತದ ತಡೀರಿ ಅಣ್ಣಾರ, ಹಸಿ ರೊಟ್ಟಿ ತಿಂತೀರೇನ್?" ಅತ್ತೆಯ ರೊಟ್ಟಿ ಸ್ವಲ್ಪ ದಪ್ಪ ಇರುತ್ತಿತ್ತು, ಒಂದೆರಡು ಕಡೆ ಹೊತ್ತಿರುತ್ತಿತ್ತು. ನನಗೆ ಅದೇ ಇಷ್ಟ. ನನ್ನ ಹೆಂಡತಿಗೆ ಸೊಸೆಯದೇ ಸೈ. ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಪಲ್ಯಗಳಲ್ಲಿ ಎಣಗಾಯಿ ಮೊದಲು. ಸಣ್ಣ ಬದನೆಕಾಯಿ, ತೊಟ್ಟು ತೆಗೆದಿರುವುದಿಲ್ಲ. ಒಳಗೆ ಹುರಿದ ಶೇಂಗಾ, ಗುರೆಳ್ಳು, ಒಣ ಕೊಬ್ಬರಿ, ಹುಣಸೆ, ಚೂರು ಬೆಲ್ಲ. ತೊಟ್ಟು ಹಿಡಿದು ಎತ್ತಿದರೆ ಕಾಯಿ ಕಳಚಿ ಬೀಳಬಾರದು, ಬೆರಳಲ್ಲಿ ಒತ್ತಿದರೆ ಮಾತ್ರ ಬೆಣ್ಣೆಯಂತೆ ಒಡೆಯಬೇಕು. ಇಲ್ಲಿ ಬಹುತೇಕ ದಿನ ಹಾಗೇ ಇರುತ್ತದೆ. ಪುಂಡಿ ಪಲ್ಯ (ಹುಳಿ ಸೊಪ್ಪಿನದು) ಇದ್ದ ದಿನ ನಾನು ಎಣಗಾಯಿಯನ್ನೂ ಬಿಡುತ್ತೇನೆ. ಜೋಳದ ನುಚ್ಚು ಹಾಕಿ ಗಟ್ಟಿಯಾಗಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಸುರಿದಿರುತ್ತಾರೆ. ಜೊತೆಗೆ ಹಸಿ ಉಳ್ಳಾಗಡ್ಡಿ. ಬೇರೇನೂ ಬೇಡ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮತ್ತೆ ಮೊಸರು ಕೇಳದೇ ಬರುತ್ತವೆ.

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಸೀಮೆಯದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು ಅಂತ ಊರೆಲ್ಲ ಹೆಮ್ಮೆ. ಆದರೆ ಎಷ್ಟೋ ಹೋಟೆಲಿನ ಸಾರಿನಲ್ಲಿ ಬೇಳೆ ಹುಡುಕಬೇಕು, ಅಲ್ವಾ? ಇಲ್ಲಿ ಬ್ಯಾಳಿ ದಪ್ಪಗಿರುತ್ತದೆ, ರೊಟ್ಟಿ ಮುರಿದು ಹಾಕಿದರೆ ಹೀರಿಕೊಳ್ಳುತ್ತದೆ. ಅನ್ನ ಸುಮಾರು. ಸಿಹಿ ಬಗ್ಗೆ ಬರೆಯುವಂಥದ್ದೇನಿಲ್ಲ.

ಯಾವಾಗ ಹೋಗಬೇಕು ಅಂದರೆ ಚಳಿಗಾಲದಲ್ಲಿ. ಎಳ್ಳ ಅಮಾವಾಸ್ಯೆಯ ಆಸುಪಾಸು ಸಜ್ಜೆ ರೊಟ್ಟಿ, ಭಜ್ಜಿ ಮಾಡುತ್ತಾರೆ. ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಮಾಡುವ ಆ ಭಜ್ಜಿಯನ್ನು ಎಣ್ಣೆಯಲ್ಲಿ ಕರಿದ ಭಜಿ ಅಂದುಕೊಂಡು ಬೇಡ ಅಂದ ಬೆಂಗಳೂರಿನ ನೆಂಟರೂ ಇದ್ದಾರೆ. ಅಮಾವಾಸ್ಯೆ ದಿನ ಮಾತ್ರ ಬಾಗಿಲು ಹಾಕಿರುತ್ತದೆ. ಮನೆಮಂದಿಯೆಲ್ಲ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ ಚೆಲ್ಲಲು, ಹೊಲಕ್ಕೆ ಹೋಗಿರುತ್ತಾರೆ. ಮೇ ತಿಂಗಳಲ್ಲಿ ಸೊಪ್ಪು ಸಿಗುವುದಿಲ್ಲ. ಝುಣಕ, ಮಡಕಿ ಕಾಳು ಇವೇ ತಿರುಗಿ ತಿರುಗಿ ಬರುತ್ತವೆ. ಆ ಬಿಸಿಲಲ್ಲಿ ಹಂಚಿನ ಮುಂದೆ ಕೂತವರಿಗೆ ಜಾಸ್ತಿ ಏನು ಕೇಳುವುದು, ಸುಮ್ನೆ ಮಜ್ಜಿಗೆ ಕುಡಿದು ಬರುತ್ತೇವೆ.

ಇನ್ನು ತಕರಾರು. ಮೇಲಿನ ಮಹಡಿಯಲ್ಲಿ ಎಸಿ ಹಾಲ್ ಮಾಡಿದ ಮೇಲೆ ರಾತ್ರಿಯ ಊಟ ಕೆಟ್ಟಿದೆ. ಪನ್ನೀರ್ ಮಸಾಲಾ, ಕಾಜು ಕರಿ, ಮಿಕ್ಸ್ ವೆಜ್ ಎಲ್ಲಕ್ಕೂ ಅದೇ ಒಂದು ಕೆಂಪು ಗ್ರೇವಿ, ಅದೂ ಸಿಹಿ. ರೊಟ್ಟಿಯನ್ನು ರಾತ್ರಿ ಮಷೀನಿನಲ್ಲಿ ಒತ್ತುತ್ತಾರೆ. ದುಂಡಗೆ ಚೆಂದ ಕಾಣುತ್ತದೆ, ಆದರೆ ಉಬ್ಬುವುದಿಲ್ಲ. ತಣ್ಣಗಾದರೆ ಮುರಿಯಲು ಎರಡೂ ಕೈ ಬೇಕು. ಮಗನಿಗೆ ಹೇಳಿದೆ. "ಏನ್ ಮಾಡೋದ್ರಿ ಸರ, ಬಡಿಯೋರು ಸಿಗಂಗಿಲ್ಲ" ಅಂದ. ಅದು ನಿಜ. ಒಬ್ಬಾಕೆ ಎರಡೂ ಹೊತ್ತು ಎಷ್ಟಂತ ಬಡಿದಾಳು? ಹಾಗಂತ ಎರಡಕ್ಕೂ ಒಂದೇ ರೇಟು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಬಿಸಿ ರೊಟ್ಟಿ ಪಾರ್ಸಲ್ ತಗೋಬೇಡಿ. ಪ್ಯಾಕೆಟ್ ಒಳಗೆ ಹಬೆ ಆಡಿ ಮೆತ್ತಗೆ ತೇವ ಆಗಿರುತ್ತದೆ. ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿ ತಗೊಳ್ಳಿ, ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಹಾಸ್ಟೆಲ್‌ನಲ್ಲಿರುವ ಮಗಳಿಗೆ ನಾವು ಶೇಂಗಾ ಹಿಂಡಿ ಜೊತೆ ಕಳಿಸುವುದು ಅದನ್ನೇ. ಬೈಕ್ ನಿಲ್ಲಿಸಲು ಜಾಗ ಸಿಗುತ್ತದೆ, ಕಾರ್ ತರಬೇಡಿ. ಎರಡು ಗಂಟೆಯೊಳಗೆ ಹೋಗಿ, ಆಮೇಲೆ ಎಣಗಾಯಿ ಇರುವುದಿಲ್ಲ. ಕೂರುವುದಾದರೆ ಕೆಳಗೆ, ಕಿಟಕಿಗೆ ಎದುರಾಗಿರುವ ಟೇಬಲ್ಲಿಗೆ.