ಆರು ವರ್ಷ ಬಳಸಿದ ಬ್ಲೂಟೂತ್ ಒಬಿಡಿ ಸ್ಕ್ಯಾನರ್: ಹಳೆಯ ಗೂಡ್ಸ್ ಗಾಡಿಯ ಐಡ್ಲಿಂಗ್ ದೋಷ ಹುಡುಕಲು ಎಷ್ಟು ನೆರವಾಯಿತು

ನಮ್ಮಲ್ಲಿರುವುದು 2014ರ ಒಂದು ಸಣ್ಣ ಗೂಡ್ಸ್ ಗಾಡಿ. ನಾಲ್ಕು ಸಿಲಿಂಡರಿನ ಎಂಪಿಎಫ್‌ಐ ಪೆಟ್ರೋಲ್ ಎಂಜಿನ್ನಿಗೆ ನಂತರ ಸಿಎನ್‌ಜಿ ಕಿಟ್ ಹಾಕಿಸಿದ್ದೇವೆ. ಯಶವಂತಪುರದ ಎಪಿಎಂಸಿಯಿಂದ ಬೆಳಗಿನ ಜಾವ ಈರುಳ್ಳಿ, ಆಲೂಗಡ್ಡೆ ತುಂಬಿಕೊಂಡು ರಾಜಾಜಿನಗರ, ವಿಜಯನಗರದ ಅಂಗಡಿಗಳಿಗೆ ಇಳಿಸುವುದು ಅದರ ನಿತ್ಯದ ಕೆಲಸ. ಇಂತಹ ಗಾಡಿ ದಿನದ ಬಹುಪಾಲು ಹೊತ್ತು ಸಿಗ್ನಲ್ಲುಗಳಲ್ಲಿ ನಿಂತೇ ಇರುವುದರಿಂದ, ಐಡ್ಲಿಂಗ್, ಅಂದರೆ ಪೆಡಲ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವುದು, ಕೆಟ್ಟರೆ ಅದರ ಹಿಂಸೆ ಚಾಲಕನಿಗೆ ಕ್ಷಣಕ್ಷಣಕ್ಕೂ ತಿಳಿಯುತ್ತದೆ. ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರನ್ನು ನಾನು ಆರು ವರ್ಷಗಳ ಹಿಂದೆ ಕೊಂಡದ್ದೂ ಈ ಕಾರಣಕ್ಕೇ. ಅಷ್ಟು ಕಾಲದ ಬಳಕೆಯಲ್ಲಿ ಅದು ಏನನ್ನು ತೋರಿಸಿತು, ಏನನ್ನು ತೋರಿಸಲಾರದೆ ಹೋಯಿತು ಎಂಬುದನ್ನು ಇಂತಹದೇ ಗಾಡಿ ಇಟ್ಟುಕೊಂಡವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಉಪಕರಣದ ವಿಷಯ. ಬಿಎಸ್-4 ವಾಹನಗಳಿಗೆ 2013ರ ಏಪ್ರಿಲ್‌ನಿಂದ ಎರಡನೇ ಹಂತದ ಒಬಿಡಿ (ಗಾಡಿಯೇ ತನ್ನ ದೋಷ ಗುರುತಿಸಿ ಕೋಡಿನ ರೂಪದಲ್ಲಿ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾಗಿದ್ದ ಕಾರಣ ನಮ್ಮ ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೂ ಹದಿನಾರು ಪಿನ್ನುಗಳ ಸಾಕೆಟ್ ಇದೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಅಡಾಪ್ಟರುಗಳೆಲ್ಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ327 ಚಿಪ್ಪಿನ ನಕಲುಗಳೇ. ಆ ಸಂಸ್ಥೆ 2022ರಲ್ಲಿ ಮುಚ್ಚಿತು, ನಕಲುಗಳ ವ್ಯಾಪಾರ ಮಾತ್ರ ಇಂದಿಗೂ ನಡೆದಿದೆ. ಮೇಲೆ ಅಚ್ಚೊತ್ತಿರುವ ಆವೃತ್ತಿ ಸಂಖ್ಯೆಯನ್ನು ನೋಡಿ ಕೊಳ್ಳಬೇಡಿ. 1.5 ಎಂಬ ಆವೃತ್ತಿಯನ್ನು ಮೂಲ ಸಂಸ್ಥೆ ಹೊರತಂದೇ ಇರಲಿಲ್ಲ, ಆದರೂ ಆ ಸಂಖ್ಯೆಯ ಅಡಾಪ್ಟರುಗಳು ಎಲ್ಲ ಕಡೆ ಸಿಗುತ್ತವೆ. ನಾನು ಮೊದಲು ತಂದ ಮುನ್ನೂರೈವತ್ತು ರೂಪಾಯಿಯ ಅಡಾಪ್ಟರ್ ನೆರೆಯವರ ಹೊಸ ಕಾರಿನೊಂದಿಗೆ ತಕ್ಷಣ ಮಾತಾಡಿತು, ನಮ್ಮ ಗಾಡಿಯೊಂದಿಗೆ ಸಂಪರ್ಕವನ್ನೇ ಸಾಧಿಸಲಿಲ್ಲ. ಹಳೆಯ ಗಾಡಿಗಳಲ್ಲಿ ಎಂಜಿನ್ ನಿಯಂತ್ರಿಸುವ ಹಲವು ಕಂಪ್ಯೂಟರುಗಳು (ಇಸಿಯು) ಹೊಸ ಗಾಡಿಗಳ ವೇಗದ ಕ್ಯಾನ್ ಸಂಪರ್ಕದ ಬದಲು ಕೆ-ಲೈನ್ ತಂತಿಯ ಮೇಲೆ ಕೆಡಬ್ಲ್ಯುಪಿ2000 ಎಂಬ ನಿಧಾನಗತಿಯ ಭಾಷೆ ಬಳಸುತ್ತವೆ, ತೀರಾ ಅಗ್ಗದ ನಕಲುಗಳಲ್ಲಿ ಆ ಸೌಲಭ್ಯವನ್ನೇ ಕೈಬಿಟ್ಟಿರುತ್ತಾರೆ. ಎರಡನೆಯದಕ್ಕೆ ಒಂಬೈನೂರು ರೂಪಾಯಿ ಕೊಟ್ಟೆ, ಅದೇ ಇಂದಿಗೂ ನಡೆಯುತ್ತಿದೆ. ಕೊಳ್ಳುವ ಮುನ್ನ ನಿಮ್ಮ ಗಾಡಿಗೇ ಹಾಕಿ ನೋಡಲು ಬಿಡುವ ಅಂಗಡಿಯನ್ನು ಹುಡುಕಿಕೊಳ್ಳಿ.

ಮೊದಲ ದೋಷ ಕಾಣಿಸಿಕೊಂಡದ್ದು ಸ್ಕ್ಯಾನರ್ ಕೊಂಡ ವರ್ಷವೇ. ಎಂಜಿನ್ ಬಿಸಿಯಾದ ಮೇಲೆ ನಿಂತಲ್ಲೇ ಆರ್‌ಪಿಎಂ 900ರಿಂದ 1500ಕ್ಕೆ ಏರುವುದು, ಇಳಿಯುವುದು, ಮತ್ತೆ ಏರುವುದು. ಅಷ್ಟರಲ್ಲಾಗಲೇ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು, ಕೊನೆಗೆ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ (ಮ್ಯಾನಿಫೋಲ್ಡ್) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೋಗಿದೆ ಎಂದು ಅದನ್ನೂ ಹೊಸದು ಹಾಕಿದ್ದರು. ಸೆನ್ಸರ್ ಹೋಗಿದೆ ಎನ್ನಲು ಅವರು ಕೊಟ್ಟ ಕಾರಣವೆಂದರೆ, ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇದ್ದಾಗ ಅದು 101 ಕಿಲೋಪಾಸ್ಕಲ್ ತೋರಿಸಬೇಕಿತ್ತು, 91 ತೋರಿಸುತ್ತಿದೆ ಎಂಬುದು. ಹೊಸ ಸೆನ್ಸರ್ ಹಾಕಿದ ಮೇಲೆಯೂ ನನ್ನ ಮೊಬೈಲಿನಲ್ಲಿ ಬಂದದ್ದು ಅದೇ 91. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ವಾತಾವರಣದ ಒತ್ತಡವೇ ಅಷ್ಟು. 101 ಎಂಬುದು ಮಂಗಳೂರಿನಲ್ಲಿ ಸರಿಯಾದ ಅಂಕಿ. ಹಳೆಯ ಸೆನ್ಸರ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಅದನ್ನು ಜೋಪಾನವಾಗಿ ತೆಗೆದಿಟ್ಟಿದ್ದೇನೆ.

ಎಂಜಿನ್ ಚಾಲೂ ಮಾಡಿದಾಗ ನಿಜವಾದ ಸುಳಿವು ಸಿಕ್ಕಿತು. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮ್ಯಾನಿಫೋಲ್ಡಿನ ಒತ್ತಡ 30ರಿಂದ 35ರ ಆಸುಪಾಸಿನಲ್ಲಿ ನಿಲ್ಲಬೇಕಾದದ್ದು 46ರವರೆಗೆ ಹೋಗಿ ಓಲಾಡುತ್ತಿತ್ತು. ಎಲ್ಲಿಂದಲೋ ಗಾಳಿ ಒಳನುಗ್ಗುತ್ತಿದೆ ಎಂಬುದು ಇದರ ಅರ್ಥ. ಆದರೆ ನಾನು ಓದಿದ್ದ ಎಲ್ಲ ವಿವರಣೆಗಳೂ, ಗಾಳಿ ಸೋರಿದರೆ ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಹೆಚ್ಚುಕಡಿಮೆ ಮಾಡುವ ತಿದ್ದುಪಡಿ) ಶೇಕಡಾ 20ರಷ್ಟು ಮೇಲೇರುತ್ತದೆ ಎನ್ನುತ್ತಿದ್ದವು, ನಮ್ಮ ಗಾಡಿಯಲ್ಲಿ ಅದು ಶೇಕಡಾ 4 ದಾಟುತ್ತಿರಲಿಲ್ಲ. ಎರಡು ರಾತ್ರಿ ಇದೇ ಗೊಂದಲದಲ್ಲಿ ಕಳೆದೆ. ಆ ವಿವರಣೆಗಳು ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮ್ಯಾಫ್ ಸೆನ್ಸರ್ ಇರುವ ಎಂಜಿನ್ನುಗಳಿಗೆ ಸಲ್ಲುತ್ತವೆ. ಅಲ್ಲಿ ಸೋರಿಕೆಯ ಗಾಳಿ ಅಳತೆಗೆ ಸಿಗದೆ ಒಳಸೇರುವುದರಿಂದ ಪೆಟ್ರೋಲ್ ಸಾಲದೆ ಬರುತ್ತದೆ. ನಮ್ಮದರಲ್ಲಿರುವುದು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್. ಕಳ್ಳದಾರಿಯಿಂದ ಬಂದ ಗಾಳಿಯೂ ಆ ಒತ್ತಡದಲ್ಲಿ ಸೇರಿಯೇ ಇರುವುದರಿಂದ ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಕೊಟ್ಟುಬಿಡುತ್ತದೆ, ಹಾಗಾಗಿ ಟ್ರಿಮ್ ಕದಲುವುದಿಲ್ಲ, ಆರ್‌ಪಿಎಂ ಏರುತ್ತದೆ. ಪೆಡಲ್ ಒತ್ತದೆ ವೇಗ ಏರಿದ್ದನ್ನು ಕಂಡ ಇಸಿಯು, ಇಳಿಜಾರಿನಲ್ಲಿ ಮಾಡುವಂತೆ ಇಂಧನವನ್ನೇ ಕಡಿಯುತ್ತದೆ, ಎಂಜಿನ್ ಕುಸಿದಾಗ ಮತ್ತೆ ಕೊಡುತ್ತದೆ. ಆ ಏರಿಳಿತದ ಮೂಲ ಇದೇ ಆಗಿತ್ತು. ನಿಮ್ಮ ಗಾಡಿಯಲ್ಲಿರುವುದು ಮ್ಯಾಫೋ ಮ್ಯಾಪೋ ಎಂಬುದನ್ನು ತಿಳಿದುಕೊಳ್ಳದೆ ಟ್ರಿಮ್ ಅಂಕಿಯನ್ನು ನೆಚ್ಚಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಸೋರುವ ಜಾಗವನ್ನು ಕೈಯಿಂದಲೇ ಹುಡುಕಬೇಕಾಯಿತು. ಪಕ್ಕಡಿನ ಬಾಯಿಗೆ ಬಟ್ಟೆ ಸುತ್ತಿ, ಎಂಜಿನ್ ಓಡುತ್ತಿರುವಾಗಲೇ ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅದುಮುತ್ತ ಬಂದೆ, ಚಾಲಕ ಮೊಬೈಲಿನ ಅಂಕಿ ಓದುತ್ತಿದ್ದ. ಬ್ರೇಕ್ ಬೂಸ್ಟರಿನ ಪೈಪು ಅದುಮಿದಾಗ ಏನೂ ಆಗಲಿಲ್ಲ. ಎಂಜಿನ್ನಿನ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಪೈಪನ್ನು ಅದುಮಿದೊಡನೆ ಏರಿಳಿತ ನಿಂತು, "ಅಣ್ಣ, ಮೂವತ್ತಮೂರಕ್ಕೆ ಬಂತು" ಎಂದು ಅವನು ಕೂಗಿದ. ಪೈಪನ್ನು ಬಿಚ್ಚಿ ನೋಡಿದರೆ ಮೇಲ್ಭಾಗ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ಮ್ಯಾನಿಫೋಲ್ಡಿನ ಮೂತಿಗೆ ಕೂರುವ ಕಡೆ, ಕಣ್ಣಿಗೆ ಕಾಣದ ಅಡಿಭಾಗದಲ್ಲಿ, ಉಗುರಿನಷ್ಟು ಉದ್ದದ ಸೀಳು. ತಣ್ಣಗಿರುವಾಗ ಬಿಗಿಯಾಗಿ ಮುಚ್ಚಿಕೊಂಡಿರುತ್ತಿದ್ದ ಆ ಸೀಳು, ರಬ್ಬರ್ ಬಿಸಿಯಾಗಿ ಮೆತ್ತಗಾದಾಗ ತುಟಿಯಂತೆ ತೆರೆದುಕೊಳ್ಳುತ್ತಿತ್ತು. ಜೆ.ಸಿ. ರಸ್ತೆಯಲ್ಲಿ ಆ ಪೈಪಿನ ಬೆಲೆ ಸೆನ್ಸರಿನ ಬೆಲೆಯ ಹತ್ತನೇ ಒಂದು ಭಾಗವೂ ಇರಲಿಲ್ಲ.

ನಡುವಿನ ವರ್ಷಗಳಲ್ಲಿ ಸ್ಕ್ಯಾನರ್ ಸಣ್ಣಪುಟ್ಟ ಕೆಲಸಗಳಿಗೆ ಒದಗಿತು. ತೆರೆದೇ ಉಳಿದ ಥರ್ಮೋಸ್ಟಾಟನ್ನು ಕೂಲಂಟ್ 70 ಡಿಗ್ರಿ ದಾಟದ್ದನ್ನು ನೋಡಿ ಹಿಡಿದೆವು. ಆಲ್ಟರ್ನೇಟರ್ ಸೊರಗಿದ್ದೂ ವೋಲ್ಟೇಜಿನಿಂದ ಗೊತ್ತಾಯಿತು, ಆದರೆ ಈ ಅಡಾಪ್ಟರ್ ಮಲ್ಟಿಮೀಟರಿಗಿಂತ 0.3 ವೋಲ್ಟ್ ಕಡಿಮೆ ತೋರಿಸುವುದರಿಂದ ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

ಎರಡನೆಯ ದೋಷ 2023ರದು, ಇದು ನಮ್ಮನ್ನು ಎರಡು ತಿಂಗಳು ಕಾಡಿತು. ಆರ್‌ಪಿಎಂ 700ರ ಸುತ್ತ ಸ್ಥಿರವಾಗಿಯೇ ಇತ್ತು, ಆದರೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತರೆ ಗೇರ್ ರಾಡು ಕೈಯಲ್ಲಿ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಪ್ಲೇಟೇ ಓದಲಾಗದು ಎಂದು ಚಾಲಕ ಹೇಳುತ್ತಿದ್ದ. ಗಾಡಿ ಓಡುವಾಗ ಯಾವ ತೊಂದರೆಯೂ ಇರಲಿಲ್ಲ. ಗ್ಯಾರೇಜಿನ ಯಂತ್ರದಲ್ಲಿ ಕೋಡ್ ಬರಲಿಲ್ಲವೆಂದು "ಸಾರ್, ಗಾಡಿ ಸರಿಯಾಗಿದೆ" ಎಂದು ಕಳುಹಿಸಿದರು. ನಮ್ಮ ಸ್ಕ್ಯಾನರಿನಲ್ಲಿ, ಎಂಜಿನ್ ದೀಪ ಹೊತ್ತಿಸುವಷ್ಟು ಇನ್ನೂ ಬಲಿಯದ ಪೆಂಡಿಂಗ್ ಕೋಡುಗಳ ಪುಟದಲ್ಲಿ, ಪಿ0302 ಸಿಕ್ಕಿತು. ಎರಡನೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ, ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು ಅದರರ್ಥ. ಈ ಪುಟವನ್ನು ತೆರೆದು ನೋಡದೆ ಕೋಡಿಲ್ಲ ಎಂದು ತೀರ್ಮಾನಿಸುವುದೂ, ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ ಇಸಿಯು ಕಲಿತದ್ದನ್ನೆಲ್ಲ ಅಳಿಸಿಬಿಡುವುದೂ ಗ್ಯಾರೇಜುಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪುಗಳು.

ಎರಡು ಇಂಧನಗಳ ಗಾಡಿಯಲ್ಲಿ ಒಂದು ಅನುಕೂಲವಿದೆ. ಸ್ವಿಚ್ ಒತ್ತಿ ಗ್ಯಾಸಿನಿಂದ ಪೆಟ್ರೋಲಿಗೆ ಬದಲಿಸಿದರೂ ನಡುಕ ಹಾಗೆಯೇ ಉಳಿಯಿತು, ಆದ್ದರಿಂದ ಪೆಟ್ರೋಲ್ ಇಂಜೆಕ್ಟರುಗಳ ಮೇಲೂ ಗ್ಯಾಸ್ ಕಿಟ್ಟಿನ ಮೇಲೂ ಸಂಶಯ ಪಡುವ ಅಗತ್ಯವೇ ಉಳಿಯಲಿಲ್ಲ. ಎರಡನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್, ಪ್ಲಗ್‌ಗಳನ್ನು ಅದಲುಬದಲು ಮಾಡಿದೆವು, ಕೋಡ್ ಪಿ0303ಕ್ಕೆ ಬದಲಾಗದೆ ಪಿ0302ರಲ್ಲೇ ನಿಂತಿತು. ಅಲ್ಲಿಗೆ ಕಿಡಿಯ ದೋಷವೂ ಅಲ್ಲವೆಂದಾಯಿತು. ಉಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ. ಅದನ್ನು ಅಳೆಯಲು ಈ ಸ್ಕ್ಯಾನರಿನಲ್ಲಿ ಯಾವ ದಾರಿಯೂ ಇಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಗೇಜ್ ತಂದು, ಎಂಜಿನ್ ಬಿಸಿಯಿರುವಾಗಲೇ ಎಲ್ಲ ಪ್ಲಗ್ ಬಿಚ್ಚಿ ಥ್ರಾಟಲ್ ಪೂರ್ತಿ ತೆರೆದು ಅಳೆದರು. ಮೂರು ಸಿಲಿಂಡರುಗಳಲ್ಲಿ 160ರ ಮೇಲೆ ಬಂದ ಪಿಎಸ್‌ಐ, ಎರಡನೆಯದರಲ್ಲಿ 105ಕ್ಕೆ ನಿಂತಿತು. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗಲೂ ಏರಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಅಂಕಿ ಏರಬೇಕಿತ್ತು, ಏರದಿದ್ದುದರಿಂದ ಸಂಶಯ ವಾಲ್ವಿನ ಮೇಲೆ ಹೋಯಿತು.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮೇಲಿನ ಕವರ್ ತೆಗೆದು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಅಂತರ, ನೋಡಿದೆವು. ಎರಡನೇ ಸಿಲಿಂಡರಿನ ಎಗ್ಸಾಸ್ಟ್ ವಾಲ್ವಿನಲ್ಲಿ 0.05 ಮಿಲಿಮೀಟರಿನ, ಕಾಗದದಂತೆ ಬಾಗುವ ಫೀಲರ್ ಗೇಜ್ ಎಲೆಯೂ ಒಳಹೋಗಲಿಲ್ಲ. ಅಂತರವೇ ಇರಲಿಲ್ಲ. ಸಿಎನ್‌ಜಿ ಒಣ ಇಂಧನ. ದ್ರವ ಇಂಧನದ ತೆಳುಪದರವಿಲ್ಲದೆ ವಾಲ್ವೂ ಅದರ ಸೀಟೂ ಒಂದನ್ನೊಂದು ಬಡಿದು ಸವೆಯುತ್ತವೆ, ಸೀಟು ಸವೆದಷ್ಟೂ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಅದರ ಕಾಂಡ ಅಷ್ಟೇ ಮೇಲಕ್ಕೆ ಬಂದು ಟ್ಯಾಪೆಟ್ ಅಂತರವನ್ನು ತಿನ್ನುತ್ತದೆ. ಎಂಜಿನ್ ಬಿಸಿಯಾಗಿ ಕಾಂಡ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಐಡ್ಲಿಂಗಿನಲ್ಲಿ ಒತ್ತಡ ಸೋರಿಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ, ವೇಗದಲ್ಲಿ ಸಿಗುವುದಿಲ್ಲ, ಅದಕ್ಕೇ ಓಡುವಾಗ ಗಾಡಿ ನಿರಾಳವಾಗಿತ್ತು. ಟ್ಯಾಪೆಟ್ ಸಡಿಲವಾದರೆ ಟಕಟಕ ಸದ್ದು ಬಂದು ಎಲ್ಲರಿಗೂ ತಿಳಿಯುತ್ತದೆ, ಬಿಗಿಯಾದರೆ ಎಂಜಿನ್ ಇನ್ನೂ ಮೌನವಾಗುತ್ತದೆ. ಆ ಮೌನವನ್ನು ನಾವು ಒಳ್ಳೆಯ ಲಕ್ಷಣವೆಂದು ತಿಳಿದಿದ್ದೆವು.

ಗಾಡಿಯ ಕೈಪಿಡಿ ಹೇಳಿದ ಅಂತರಕ್ಕೆ ಎಲ್ಲ ವಾಲ್ವುಗಳನ್ನೂ ಹೊಂದಿಸಿದ ಮೇಲೆ ಎರಡನೇ ಸಿಲಿಂಡರ್ 150ಕ್ಕೆ ಬಂತು, ನಡುಕ ನಿಂತಿತು. ಹೀಗೆಯೇ ಇನ್ನಷ್ಟು ದಿನ ಓಡಿಸಿದ್ದರೆ ವಾಲ್ವ್ ಸುಟ್ಟು ಹೆಡ್ ಇಳಿಸಬೇಕಾಗುತ್ತಿತ್ತು ಎಂದು ಆ ಮೆಕ್ಯಾನಿಕ್ ಹೇಳಿದ್ದು ಸರಿಯೆಂದೇ ನನಗೂ ತೋರುತ್ತದೆ.

ಉಪಕರಣದ ಕೊರತೆಗಳನ್ನೂ ಹೇಳಬೇಕು. ಕೆ-ಲೈನ್ ನಿಧಾನವಾದ್ದರಿಂದ ಆರೇಳು ಅಂಕಿಗಳನ್ನು ಒಟ್ಟಿಗೆ ತೆರೆದರೆ ಪ್ರತಿಯೊಂದೂ ಎರಡು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಐಡ್ಲಿಂಗಿನ ಏರಿಳಿತ ಅದರಲ್ಲಿ ಕಾಣುವುದೇ ಇಲ್ಲ. ಆರ್‌ಪಿಎಂ, ಮ್ಯಾಪ್, ಒಂದು ಟ್ರಿಮ್, ಇವಿಷ್ಟನ್ನೇ ತೆರೆದಿಡುವುದು ಒಳ್ಳೆಯದು. ಸಾಕೆಟ್ಟಿನ ಹದಿನಾರನೇ ಪಿನ್ನಿಗೆ ಬ್ಯಾಟರಿಯ ವಿದ್ಯುತ್ ಸದಾ ಬರುತ್ತಿರುವುದರಿಂದ ಅಡಾಪ್ಟರನ್ನು ಅಲ್ಲೇ ಬಿಟ್ಟರೆ ರಜೆ ಮುಗಿದು ಬರುವಷ್ಟರಲ್ಲಿ ಬ್ಯಾಟರಿ ಕೂತಿರುತ್ತದೆ, ನಮಗೆ ಒಂದು ದೀಪಾವಳಿಯಲ್ಲಿ ಹಾಗಾಗಿದೆ. ಪ್ಲಾಸ್ಟಿಕ್ ಕವಚ ಮೂರನೇ ವರ್ಷ ಬಿರುಕು ಬಿಟ್ಟಿತು, ಟೇಪು ಸುತ್ತಿದ್ದೇವೆ.

ಕೋಡ್ ಓದಿ ಬಿಡಿಭಾಗ ಬದಲಿಸುವ ಉದ್ದೇಶ ಮಾತ್ರ ನಿಮ್ಮದಾಗಿದ್ದರೆ ಇದಕ್ಕೆ ಹಣ ಹಾಕಬೇಡಿ. ಗಾಡಿ ಸರಿಯಿರುವಾಗಲೇ ಅದರ ಅಂಕಿಗಳನ್ನು ಬರೆದಿಟ್ಟುಕೊಳ್ಳುವ ತಾಳ್ಮೆಯಿದ್ದರೆ ಕೊಳ್ಳಿ. ನಾವು ಪ್ರತಿ ತಿಂಗಳ ಮೊದಲ ಭಾನುವಾರ ಬಿಸಿ ಎಂಜಿನ್ನಿನ ಮ್ಯಾಪ್, ಟ್ರಿಮ್, ಕೂಲಂಟ್ ಉಷ್ಣತೆಯನ್ನು ಲೋಡಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲೇ ಬರೆಯುತ್ತೇವೆ, ಪ್ರತಿ 20,000 ಕಿಲೋಮೀಟರಿಗೆ ಟ್ಯಾಪೆಟ್ ನೋಡಿಸುತ್ತೇವೆ. ಕಳೆದ ಬಾರಿ ಎರಡನೇ ಸಿಲಿಂಡರಿನ ಅಂತರ ಮತ್ತೆ ತುಸು ಕಡಿಮೆಯಾಗಿತ್ತು, ಆದ್ದರಿಂದ ಮುಂದಿನದನ್ನು 15,000ಕ್ಕೇ ಮಾಡಿಸಲಿದ್ದೇವೆ.