ಆಭಾ ಆ್ಯಪ್ ಇಟ್ಟುಕೊಳ್ಳಿ, ಆದರೆ ಅನುಮತಿ ಕೊಡುವ ಮುಂಚೆ ಪೂರ್ತಿ ಓದಿ

ಈಗ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಚೀಟಿ ಮಾಡಿಸುವ ಕೌಂಟರ್‌ನಲ್ಲಿ ‘ಆಭಾ ನಂಬರ್ ಇದ್ಯಾ?’ ಅಂತ ಕೇಳುತ್ತಾರೆ. ಇಲ್ಲ ಅಂದರೆ ಆಧಾರ್ ತಗೊಂಡು, ಒಟಿಪಿ ಕೇಳಿ, ಅಲ್ಲೇ ಮಾಡಿಬಿಡುತ್ತಾರೆ. ಆಭಾ ಅಂದರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್, ನಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸಿಕೊಳ್ಳುವ ಸರ್ಕಾರಿ ಖಾತೆ. ದೇಶದಲ್ಲಿ ಇಂಥ 70 ಕೋಟಿಗೂ ಜಾಸ್ತಿ ಖಾತೆಗಳಿವೆ. ಆದರೆ ನನಗೆ ಗೊತ್ತಿರುವ ಹೆಚ್ಚಿನವರಿಗೆ ಅದು ಕಾರ್ಡಿನ ಮೇಲಿರುವ 14 ಅಂಕಿ ಅಷ್ಟೇ. ಅದರಿಂದ ಏನಾಗುತ್ತದೆ, ನಮ್ಮ ರಿಪೋರ್ಟ್ ಯಾರಿಗೆ ಹೋಗುತ್ತದೆ, ಬೇಡ ಅನ್ನಬಹುದಾ, ಯಾರೂ ಹೇಳಿಕೊಟ್ಟಿಲ್ಲ. ನಾನು ಇದನ್ನು ನನಗೂ ಬಳಸುತ್ತೇನೆ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವ ಅಮ್ಮನಿಗೂ ಬಳಸುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಉಪಯೋಗಕ್ಕೆ ಬರುವ ವಸ್ತು. ಅದರೊಳಗಿನ ಅತಿ ಒಳ್ಳೆಯ ಭಾಗ ಅಂದರೆ ಅನುಮತಿ ಕೇಳುವ ಪರದೆ, ಮತ್ತು ಜನ ಓದದೆ ದಾಟಿಹೋಗುವುದೂ ಅದನ್ನೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆಭಾ ಕಾರ್ಡ್ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಊರ ಕಡೆ ಎರಡನ್ನೂ ಒಂದೇ ಅಂದುಕೊಂಡು ಆಭಾ ಕಾರ್ಡ್ ಹಿಡಿದು ಆಪರೇಷನ್‌ಗೆ ಬರುವವರಿದ್ದಾರೆ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಅದು ದುಡ್ಡಿನ ವಿಷಯ. ಆಭಾದಲ್ಲಿ ಒಂದು ರೂಪಾಯಿಯೂ ಇಲ್ಲ. ಅದು ನಿಮ್ಮ ದಾಖಲೆಗಳನ್ನು ಗುರುತಿಸುವ ನಂಬರ್ ಮಾತ್ರ. ಮಾಡಿಸುವುದು ಕಡ್ಡಾಯವೂ ಅಲ್ಲ. ಬೇಡ ಅನ್ನಿಸಿದರೆ ಖಾತೆ ಅಳಿಸಬಹುದು.

ಚೀಟಿ ಮಾಡಿಸೋ ಕೆಲಸಕ್ಕೆ ಇದು ನಿಜಕ್ಕೂ ಚೆನ್ನಾಗಿದೆ. ಓಪಿಡಿ ಗೋಡೆ ಮೇಲಿನ ಕ್ಯೂಆರ್ ಕೋಡನ್ನು ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ಫೋನ್, ವಿಳಾಸ ಎಲ್ಲ ಕೌಂಟರ್‌ಗೆ ಹೋಗಿ ಟೋಕನ್ ಬರುತ್ತದೆ. 2022ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಶುರುವಾದ ಈ ಸೌಲಭ್ಯ ಈಗ ಎಲ್ಲ ಕಡೆ ಬರುತ್ತಿದೆ. ಮಂಡಿ ನೋವಿರುವ ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ನಾನು ಅಲ್ಲೇ ನಿಂತು ಟೋಕನ್ ತೆಗೆದುಕೊಳ್ಳಬಹುದು. ಬೆಳಿಗ್ಗೆ ಆರಕ್ಕೇ ಬಂದು ಸಾಲಿನಲ್ಲಿ ನಿಲ್ಲುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ದಾಖಲೆಗಳ ಕಥೆ. ತುಂಬಾ ಜನ ತಪ್ಪಾಗಿ ಅಂದುಕೊಂಡಿರುವ ಹಾಗೆ ನಮ್ಮ ರಿಪೋರ್ಟ್‌ಗಳೆಲ್ಲ ದೆಹಲಿಯ ಯಾವುದೋ ಒಂದು ಕಂಪ್ಯೂಟರ್‌ನಲ್ಲಿ ತುಂಬಿಕೊಂಡಿಲ್ಲ. ಪರೀಕ್ಷೆ ಮಾಡಿದ ಆಸ್ಪತ್ರೆ ಅಥವಾ ಲ್ಯಾಬ್‌ನಲ್ಲೇ ಅದು ಇರುತ್ತದೆ. ಆ ದಾಖಲೆ ಇಂಥ ಕಡೆ ಇದೆ ಅನ್ನುವ ಕೊಂಡಿ ಮಾತ್ರ ನಿಮ್ಮ ಆಭಾಕ್ಕೆ ಸೇರುತ್ತದೆ. ಬೇರೆ ಡಾಕ್ಟರ್ ನೋಡಬೇಕು ಅಂದರೆ ಅವರ ಕಡೆಯಿಂದ ನಿಮಗೆ ಕೋರಿಕೆ ಬರುತ್ತದೆ, ನೀವು ಒಪ್ಪಿದರೆ ದಾಖಲೆ ಅಲ್ಲಿಂದ ಇಲ್ಲಿಗೆ ಬರುತ್ತದೆ. ನಿಮ್ಮ ಆಭಾ ವಿಳಾಸ ನೋಡಲು ಯುಪಿಐ ಐಡಿ ಇದ್ದ ಹಾಗೇ ಇರುತ್ತದೆ, ಕೊನೆಯಲ್ಲಿ ‘ಎಬಿಡಿಎಂ’ ಅಂತ. ಅದು ಈ ಇಡೀ ವ್ಯವಸ್ಥೆಯ ಹೆಸರು, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಇದನ್ನು ನಡೆಸುವುದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಣೆಯಾಗಿ, ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪರೀಕ್ಷೆಯಾಗಿ, 2021ರ ಸೆಪ್ಟೆಂಬರ್ 27ಕ್ಕೆ ದೇಶಕ್ಕೆಲ್ಲ ಬಂತು. ಸರ್ಕಾರದ ಆ್ಯಪ್ಪೇ ಆಗಬೇಕು ಅಂತಿಲ್ಲ, ನಮ್ಮ ಬೆಂಗಳೂರಿನ ಏಕಾ ಕೇರ್‌ನಂಥ ಖಾಸಗಿ ಆ್ಯಪ್‌ಗಳಲ್ಲೂ ಇದೇ ಕೆಲಸ ಆಗುತ್ತದೆ.

ವ್ಯವಸ್ಥೆಯ ಲೆಕ್ಕ ಸರಿಯಾಗಿದೆ. ಆದರೆ ಕೊಂಡಿ ಸೇರಿಸುವ ಕಡೆ ಒದ್ದಾಟ ಇದೆ. ಹಳೆಯ ದಾಖಲೆ ಹುಡುಕುವಾಗ ಹೆಸರು, ಹುಟ್ಟಿದ ವರ್ಷ, ಲಿಂಗ, ಮೊಬೈಲ್ ನಂಬರ್ ತಾಳೆಯಾಗಬೇಕು. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಇನಿಷಿಯಲ್ ಇರುತ್ತದಲ್ವಾ? ಆಧಾರ್‌ನಲ್ಲಿ ಒಂದು ಥರ, ಆಸ್ಪತ್ರೆ ಫೈಲ್‌ನಲ್ಲಿ ಇನ್ನೊಂದು ಥರ. ಅಮ್ಮನ ಹೆಸರು ಒಂದು ಆಸ್ಪತ್ರೆಯಲ್ಲಿ ಊರಿನ ಇನಿಷಿಯಲ್ ಸೇರಿ ಬರೆದಿದ್ದರು, ಹುಟ್ಟಿದ ವರ್ಷ ಅಂದಾಜಿಗೆ ಹಾಕಿದ್ದರು, ಫೋನ್ ನಂಬರ್ ತೀರಿಹೋದ ಅಪ್ಪನದು. ಆ ಫೈಲ್ ಸಿಗಲೇ ಇಲ್ಲ. ಕೌಂಟರ್‌ನವರು ‘ಹೊಸದಾಗಿ ಎಂಟ್ರಿ ಮಾಡ್ತೀವಿ ಬಿಡಿ ಸಾರ್’ ಅಂದರು. ಹೊಸ ಎಂಟ್ರಿ ಅಂದರೆ ಹಿಂದಿನ ಅಷ್ಟೂ ವರ್ಷದ ಚಿಕಿತ್ಸೆ ಇವತ್ತಿನ ಡಾಕ್ಟರ್ ಕಣ್ಣಿಗೆ ಇಲ್ಲ ಅಂತಲೇ ಅರ್ಥ.

ಬಂದ ದಾಖಲೆಗಳಲ್ಲೂ ಎಷ್ಟೋ ಬರೀ ಪಿಡಿಎಫ್. ನಿಯಮದ ಪ್ರಕಾರ ದಾಖಲೆಗಳು ಎಫ್‌ಎಚ್‌ಐಆರ್ ಅನ್ನುವ ಒಂದೇ ಅಚ್ಚಿನಲ್ಲಿ ಬರಬೇಕು. ಹಾಗಿದ್ದರೆ ಮಾತ್ರ ಒಂದು ಲ್ಯಾಬ್‌ನ ಎಚ್‌ಬಿಎ1ಸಿ ಅಂಕಿ ಇನ್ನೊಂದು ಲ್ಯಾಬ್‌ನ ಅಂಕಿಯ ಪಕ್ಕದಲ್ಲಿ ಕೂತು, ಮೂರು ತಿಂಗಳ ಸರಾಸರಿ ಸಕ್ಕರೆ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಡಾಕ್ಟರಿಗೆ ಒಂದೇ ನೋಟಕ್ಕೆ ಕಾಣುತ್ತದೆ. ಆದರೆ ಆ ಅಚ್ಚಿನೊಳಗೇ ಸ್ಕ್ಯಾನ್ ಮಾಡಿದ ಹಾಳೆ ಇಟ್ಟು ಕಳಿಸುವುದಕ್ಕೂ ಅವಕಾಶ ಇದೆ, ಲ್ಯಾಬ್‌ಗಳು ಅದನ್ನೇ ಮಾಡುತ್ತವೆ. ಡಾಕ್ಟರ್ ಒಂದೊಂದೇ ಪಿಡಿಎಫ್ ತೆರೆದು ನೋಡಬೇಕು. ಐದು ನಿಮಿಷದ ಓಪಿಡಿಯಲ್ಲಿ ಯಾರು ನೋಡುತ್ತಾರೆ? ಇನ್ನು ನಮ್ಮ ಬೀದಿಯ ಕ್ಲಿನಿಕ್‌ನಲ್ಲಿ ಕಂಪ್ಯೂಟರ್ರೇ ಇಲ್ಲ, ಕೈಬರಹದ ಚೀಟಿ. ಅದರ ಫೋಟೋ ತೆಗೆದು ನಾವೇ ಆ್ಯಪ್‌ಗೆ ಹಾಕಿಕೊಳ್ಳಬೇಕು. ಆದ್ದರಿಂದ ಹಳೆಯ ರಿಪೋರ್ಟ್ ಕವರನ್ನು ದಯವಿಟ್ಟು ಇನ್ನೂ ಎಸೆಯಬೇಡಿ.

ಈಗ ಅನುಮತಿ ಪರದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಆಸ್ಪತ್ರೆಯೋ ಬೇರೆ ಯಾರೋ ದಾಖಲೆ ಕೇಳಿದಾಗ ಫೋನ್‌ಗೆ ಕೋರಿಕೆ ಬರುತ್ತದೆ. ಅದನ್ನು ಒತ್ತಿದರೆ ಕೇಳಿದವರು ಯಾರು, ಯಾವ ಉದ್ದೇಶಕ್ಕೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ದಾಖಲೆ, ಯಾವ ಥರದ್ದು (ಔಷಧಿ ಚೀಟಿ, ಲ್ಯಾಬ್ ವರದಿ, ಡಿಸ್ಚಾರ್ಜ್ ಸಮ್ಮರಿ, ಲಸಿಕೆ ಇತ್ಯಾದಿ), ಈ ಅನುಮತಿ ಎಲ್ಲಿಯವರೆಗೆ, ಎಲ್ಲವೂ ಕಾಣುತ್ತದೆ. ಕೆಳಗೆ ಒಪ್ಪಿಗೆ ಗುಂಡಿ. ನಮ್ಮಲ್ಲಿ ಹೆಚ್ಚಿನವರು ಅಷ್ಟಕ್ಕೇ ಒತ್ತಿಬಿಡುತ್ತೇವೆ, ಹಿಂದೆ ಜನ ಕಾಯುತ್ತಿರುತ್ತಾರಲ್ವಾ. ಆದರೆ ಒಪ್ಪುವ ಮುಂಚೆ ಇದರಲ್ಲಿ ಹೆಚ್ಚಿನದನ್ನು ಬದಲಾಯಿಸಬಹುದು! ಹತ್ತು ವರ್ಷದ್ದು ಕೇಳಿದ್ದರೆ ಒಂದು ವರ್ಷದ್ದು ಮಾತ್ರ ಅಂತ ಮಾಡಬಹುದು. ಮನೋವೈದ್ಯರ ಹತ್ತಿರ ಹೋದ ಆಸ್ಪತ್ರೆಯ ಟಿಕ್ ತೆಗೆಯಬಹುದು. ಕಣ್ಣಿನ ಡಾಕ್ಟರಿಗೆ ಸಕ್ಕರೆಯ ವರದಿ ಬೇಕು, ಸರಿ. ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ ಯಾಕೆ ಬೇಕು? ಅವಧಿಯನ್ನೂ ಕಡಿಮೆ ಮಾಡಬಹುದು, ಕೊಟ್ಟ ಮೇಲೂ ರದ್ದು ಮಾಡಬಹುದು. ಇಷ್ಟು ಸೂಕ್ಷ್ಮವಾಗಿ ಯೋಚಿಸಿ ಮಾಡಿರುವುದು ನನಗೆ ತುಂಬಾ ಹಿಡಿಸಿತು.

ಉದ್ದೇಶ ಅನ್ನುವ ಸಾಲನ್ನಂತೂ ಕಡ್ಡಾಯವಾಗಿ ಓದಿ. ಚಿಕಿತ್ಸೆಗೆ, ತುರ್ತು ಸಂದರ್ಭಕ್ಕೆ, ಸಾರ್ವಜನಿಕ ಆರೋಗ್ಯಕ್ಕೆ, ಹಣ ಪಾವತಿಗೆ, ನಿರ್ದಿಷ್ಟ ಕಾಯಿಲೆಯ ಸಂಶೋಧನೆಗೆ, ಸ್ವಂತಕ್ಕೆ ಅಂತ ಉದ್ದೇಶಗಳನ್ನು ಬೇರೆ ಬೇರೆ ಮಾಡಿದ್ದಾರೆ. ಅಂದರೆ ಡಾಕ್ಟರ್, ಇನ್ಶೂರೆನ್ಸ್, ಸರ್ಕಾರ ಮೂವರೂ ಒಂದೇ ಬಾಗಿಲಿನಿಂದ ಒಳಗೆ ಬರಬಾರದು ಅಂತ. ಚಿಕಿತ್ಸೆಗೆ ಅಂತ ಕೊಟ್ಟದ್ದು ಪಾವತಿಗೆ ಬಳಕೆಯಾಗಬಾರದು.

ವಯಸ್ಸಾದವರ ವಿಷಯದಲ್ಲಿ ಮಾತ್ರ ಇದು ಕೈಕೊಡುತ್ತದೆ. ಅಮ್ಮನ ಒಟಿಪಿ ನನ್ನ ಫೋನ್‌ಗೆ ಬರುತ್ತದೆ. ಕೋರಿಕೆ ನೋಡುವವನು ನಾನು, ಒತ್ತುವವನೂ ನಾನು. ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಮಗನಿಗೆ, ಸೊಸೆಗೆ, ಗಂಡನಿಗೆ ಹೇಳದೆ ಇಟ್ಟುಕೊಂಡ ಕಾಯಿಲೆ ಯಾರಿಗೂ ಇರಬಹುದು. ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕು ಅವರಿಗಿದೆ. ನಾನು ಈಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರು ಏನು ಕೇಳುತ್ತಿದ್ದಾರೆ ಅಂತ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಒತ್ತುತ್ತೇನೆ. ನೀವೂ ಹಾಗೇ ಮಾಡಿ.

ಇನ್ಶೂರೆನ್ಸ್ ಕಡೆಗೆ ಬರೋಣ, ಜನರಿಗೆ ಜಾಸ್ತಿ ಭಯ ಇರುವುದು ಇಲ್ಲೇ. ಕ್ಲೈಮ್ ಕಾಗದಗಳನ್ನು ಆಸ್ಪತ್ರೆ ಮತ್ತು ಕಂಪನಿ ನಡುವೆ ಕಳಿಸಲು ನ್ಯಾಷನಲ್ ಹೆಲ್ತ್ ಕ್ಲೈಮ್ಸ್ ಎಕ್ಸ್‌ಚೇಂಜ್ ಅನ್ನುವ ವ್ಯವಸ್ಥೆ ಮಾಡಿದ್ದಾರೆ. 2024ರ ಮೇ ತಿಂಗಳಲ್ಲಿ ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ವೇಳೆ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ. ಕಾಗದ ಫ್ಯಾಕ್ಸ್, ಇಮೇಲ್ ಅಂತ ಓಡಾಡುತ್ತಿದ್ದರೆ ಇದು ಆಗುವ ಮಾತಲ್ಲ, ಆದ್ದರಿಂದ ಇಂಥ ವ್ಯವಸ್ಥೆ ಬೇಕೇ ಬೇಕು. ಡಿಸ್ಚಾರ್ಜ್ ಬರೆದ ಮೇಲೂ ಬಿಲ್ಲಿಂಗ್ ಎದುರು ಸಂಜೆವರೆಗೆ ಕೂತವರಿಗೆ ಇದರ ಬೆಲೆ ಗೊತ್ತು.

ಆದರೆ ಒಂದು ವಿಷಯ ನೋಡಿ. ಆ್ಯಪ್‌ನಲ್ಲಿ ಇಷ್ಟೆಲ್ಲ ಬಿಗಿ ಇದೆ, ಅದೇ ಕ್ಲೈಮ್ ಫಾರ್ಮ್ ಕೊನೆಯಲ್ಲಿರುವ ಘೋಷಣೆ ಓದಿದ್ದೀರಾ? ರೋಗಿಗೆ ಚಿಕಿತ್ಸೆ ಕೊಟ್ಟ ಯಾವುದೇ ಆಸ್ಪತ್ರೆ, ಯಾವುದೇ ಡಾಕ್ಟರಿಂದ ಬೇಕಾದ ಮಾಹಿತಿ ಪಡೆಯಲು ಕಂಪನಿಗೆ ಒಪ್ಪಿಗೆ ಕೊಡುತ್ತೇನೆ ಅಂತ ಅದರಲ್ಲಿರುತ್ತದೆ. ದಿನಾಂಕ ಇಲ್ಲ, ಮಿತಿ ಇಲ್ಲ, ರದ್ದು ಮಾಡುವ ಗುಂಡಿ ಇಲ್ಲ. ನನ್ನ ಸಂಬಂಧಿಕರೊಬ್ಬರ ಕ್ಲೈಮ್‌ನಲ್ಲಿ ಕಂಪನಿಯವರು ಈಗಿನ ಆಪರೇಷನ್‌ಗೆ ಸಂಬಂಧವೇ ಇಲ್ಲದ ಹಳೆಯ ಚೀಟಿಗಳನ್ನೆಲ್ಲ ಕೇಳಿ ವಾರಗಟ್ಟಲೆ ಓಡಾಡಿಸಿದರು. ಕಾಯಿಲೆ ಮುಚ್ಚಿಟ್ಟಿದ್ದೀರಿ ಅನ್ನುವುದಕ್ಕೆ ಏನಾದರೂ ಸಿಗುತ್ತದಾ ಅಂತ ಹುಡುಕಾಟ. ಪಾಲಿಸಿ ಸತತ ಐದು ವರ್ಷ ನಡೆದಿದ್ದರೆ, ಮೋಸ ಸಾಬೀತಾಗದ ಹೊರತು, ಹೇಳಿಲ್ಲ ಅನ್ನುವ ಕಾರಣಕ್ಕೆ ಕ್ಲೈಮ್ ತಳ್ಳಿಹಾಕುವಂತಿಲ್ಲ. 2024ರ ಮುಂಚೆ ಇದು ಎಂಟು ವರ್ಷ ಇತ್ತು. ಹಾಗಂತ ಮುಚ್ಚಿಡಬೇಡಿ, ಪಾಲಿಸಿ ತೆಗೆದುಕೊಳ್ಳುವಾಗ ಇರುವ ಕಾಯಿಲೆಯನ್ನು ಖಂಡಿತ ಹೇಳಿ, ಅದು ಬೇರೆ ಮಾತು. ನಾನು ಕೇಳುತ್ತಿರುವುದು ಇಷ್ಟೇ: ಕಾಗದದ ಫಾರ್ಮ್‌ಗೂ ಆ್ಯಪ್‌ನ ಹಾಗೇ ಮಿತಿ ಇರಲಿ.

ಇಂಗ್ಲೆಂಡ್‌ನಲ್ಲಿ ಕೇರ್ ಡಾಟ್ ಡೇಟಾ ಅಂತ ಜನರ ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಸೇರಿಸುವ ಯೋಜನೆ ಮಾಡಿದ್ದರು. ಆಸ್ಪತ್ರೆಗಳ ಮಾಹಿತಿ ಹಿಂದೆ ವಿಮೆ ಲೆಕ್ಕಾಚಾರದವರ ಕೈಗೆ ಹೋಗಿದ್ದು 2014ರಲ್ಲಿ ಹೊರಬಿತ್ತು, ಜನರ ನಂಬಿಕೆ ಹೋಯಿತು, 2016ರಲ್ಲಿ ಯೋಜನೆಯನ್ನೇ ಮುಚ್ಚಿದರು. ಆಸ್ಟ್ರೇಲಿಯಾದವರು ತಮ್ಮ ಮೈ ಹೆಲ್ತ್ ರೆಕಾರ್ಡ್ ಅನ್ನು ವಿಮಾ ಕಂಪನಿಗಳೂ ಉದ್ಯೋಗದಾತರೂ ತಮ್ಮ ಉದ್ದೇಶಕ್ಕೆ ಬಳಸಬಾರದು ಅಂತ ಕಾನೂನಿನಲ್ಲೇ ಬರೆದರು. ನಮ್ಮಲ್ಲೂ ಅಂಥ ಒಂದು ಸಾಲು ಕಾನೂನಿನಲ್ಲಿ ಬೇಕು.

ಕಾನೂನು ಅಂದಾಗ ನೆನಪಾಯಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದರು. ಆದರೆ ಆರೋಗ್ಯದ ಮಾಹಿತಿಗೆ ಅಂತಲೇ 2018ರಲ್ಲಿ ಬರೆದ ದಿಶಾ ಕರಡು ಕಾನೂನಾಗಲೇ ಇಲ್ಲ. ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರಲ್ಲಿ ಆರೋಗ್ಯದ ಮಾಹಿತಿಗೆ ಬೇರೆಯದೇ ಆದ ಹೆಚ್ಚಿನ ರಕ್ಷಣೆ ಇಲ್ಲ. ಫೋನ್ ನಂಬರೂ ಒಂದೇ, ಎಚ್‌ಐವಿ ವರದಿಯೂ ಒಂದೇ. ಸರ್ಕಾರದ ಸಬ್ಸಿಡಿ, ಸವಲತ್ತು, ಸಾಂಕ್ರಾಮಿಕ ರೋಗ, ತುರ್ತು ಚಿಕಿತ್ಸೆ ಅಂಥ ಕಾರಣಗಳಿಗೆ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಬಹುದು ಅಂತಲೂ ಅದರಲ್ಲಿದೆ. ಪ್ರಜ್ಞೆ ತಪ್ಪಿ ಬಿದ್ದವನ ಹತ್ತಿರ ಒಟಿಪಿ ಕೇಳುವುದಕ್ಕಾಗುವುದಿಲ್ಲ, ಒಪ್ಪುತ್ತೇನೆ. ಡೆಂಗಿ ಯಾವ ವಾರ್ಡಿನಲ್ಲಿ ಜಾಸ್ತಿ ಅಂತ ಸರ್ಕಾರಕ್ಕೆ ಬೇಗ ಗೊತ್ತಾಗಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಅದಕ್ಕೆ ಲೆಕ್ಕ ಸಾಕು, ಹೆಸರು ಬೇಡ.

ಭದ್ರತೆ ಬಗ್ಗೆ ಚಿಂತೆ ಸುಮ್ನೆ ಹುಟ್ಟಿದ್ದಲ್ಲ. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ ಸುಮಾರು ಎರಡು ವಾರ ಕೆಲಸವೆಲ್ಲ ಕೈಬರಹದಲ್ಲಿ ನಡೆಯಿತು. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ ಅನ್ನುವುದು ಒಳ್ಳೆಯದೇ, ಒಂದೇ ಕಡೆ ಎಲ್ಲ ಸೋರುವುದಿಲ್ಲ. ಆದರೆ ಆ ಆಸ್ಪತ್ರೆಯ ಬೀಗ ಎಷ್ಟು ಗಟ್ಟಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅನುಮತಿ ರದ್ದು ಮಾಡಿದ ಮೇಲೆ, ಈಗಾಗಲೇ ಇಳಿಸಿಕೊಂಡ ಪ್ರತಿಯನ್ನು ಅವರು ಅಳಿಸಬೇಕು. ನಿಜವಾಗಿ ಅಳಿಸಿದರಾ ಅಂತ ರೋಗಿ ನೋಡುವ ದಾರಿ ಇಲ್ಲ. ಅದು ದೊಡ್ಡ ಕೊರತೆ. ನನ್ನ ದಾಖಲೆಯನ್ನು ಆಸ್ಪತ್ರೆಯೊಳಗೆ ಯಾವ ದಿನ, ಯಾವ ಡಾಕ್ಟರ್, ಯಾವ ಗುಮಾಸ್ತ ತೆರೆದರು ಅನ್ನುವ ಪಟ್ಟಿ ನನ್ನ ಫೋನ್‌ನಲ್ಲಿ ಕಾಣಬೇಕು. ಎಸ್ಟೋನಿಯಾ ದೇಶದಲ್ಲಿ ಜನ ಅದನ್ನು ಹಾಗೇ ನೋಡುತ್ತಾರೆ, ಇಲ್ಲಿಯೂ ಆಗದ ಕೆಲಸ ಅಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪೂರ್ತಿ ಒಂದು ಕಳೆದದ್ದು ತೆರೆದವರ ಪಟ್ಟಿ ಇಲ್ಲದ್ದಕ್ಕೆ, ಅರ್ಧ ಪಿಡಿಎಫ್ ರಾಶಿಗೆ. ದೀರ್ಘ ಕಾಯಿಲೆ ಇರುವವರು, ಎರಡು ಮೂರು ಡಾಕ್ಟರ್ ಹತ್ತಿರ ಹೋಗುವವರು, ಊರಿಂದ ಬೆಂಗಳೂರಿಗೆ ಬಂದು ತೋರಿಸುವವರು ಖಂಡಿತ ಮಾಡಿಸಿ. ಕೌಂಟರ್‌ನಲ್ಲಿ ಅವರ ಕೈಲಿ ಮಾಡಿಸುವ ಬದಲು ಮನೆಯಲ್ಲೇ ಕೂತು ಮಾಡಿ, ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಆಸ್ಪತ್ರೆಗೆ ಹೋದಾಗ ಆಧಾರ್‌ನಲ್ಲಿರುವ ಹೆಸರನ್ನೇ ಅಲ್ಲೂ ಬರೆಸಿ. ಮೊದಲೇ ಖಾತೆ ಇದ್ದರೆ ಇವತ್ತೇ ಒಮ್ಮೆ ಆ್ಯಪ್ ತೆರೆದು, ಕನ್ಸೆಂಟ್ ಅನ್ನುವ ಕಡೆ ಹೋಗಿ, ಚಿಕಿತ್ಸೆ ಮುಗಿದ ಆಸ್ಪತ್ರೆಗಳಿಗೆ ಕೊಟ್ಟ ಅನುಮತಿ ಇನ್ನೂ ಉಳಿದಿದ್ದರೆ ರದ್ದು ಮಾಡಿ.