ಹೆಬ್ಬೆರಳಿಗೆ ಕೃತಕ ಕೀಲು: ಮೂರು ಅವರೆ ಕಾಲ ಕಳೆದ ಮೇಲೆ

ಮಾಗಡಿ ಅವರೆ ಗಾಂಧಿ ಬಜಾರಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು ಆಗಲೇಬೇಕು. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ಆಪರೇಷನ್‌ಗೆ ಮುಂಚೆ ಹತ್ತು ಕಾಳು ಹಿತಕುವಷ್ಟರಲ್ಲಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ಜೀವ ಹೋದಂತಾಗುತ್ತಿತ್ತು. ಬೀಗದ ಕೈ ತಿರುಗಿಸಲೂ ಮಗಳನ್ನು ಕರೆಯುತ್ತಿದ್ದೆ.

ಬುಡದ ಕೀಲಿನ ಮೆತ್ತೆ ಸವೆದು, ಮೂಳೆಗೆ ಮೂಳೆ ಉಜ್ಜುತ್ತಿತ್ತು. ಬೆರಳ ತುದಿಯಲ್ಲಿ 1 ಕಿಲೋ ಒತ್ತಿದರೆ ಆ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ ಎಂದರು ಡಾಕ್ಟರ್. ಅವರೆಕಾಳಿಗೆ ಅಷ್ಟು ನೋವು ಯಾಕೆಂದು ಆಗ ಅರ್ಥವಾಯಿತು. ಒಂದು ವರ್ಷ ಸ್ಪ್ಲಿಂಟ್, ಅಂದರೆ ಬೆರಳು ಅಲುಗದಂತೆ ಹಿಡಿಯುವ ಪಟ್ಟಿ, ಹಾಕಿದೆ. ಮೊದಲ ಸ್ಟಿರಾಯ್ಡ್ ಇಂಜೆಕ್ಷನ್ ನಾಲ್ಕು ತಿಂಗಳು ಬಂತು, ಎರಡನೆಯದು ಐದೇ ವಾರ.

ಕೊನೆಗೆ ಕೃತಕ ಕೀಲು, ಅಂದರೆ ಇಂಪ್ಲಾಂಟ್, ಹಾಕಿಸಿದೆ. ಅದು ಇಷ್ಟೇ. ಮಣಿಕಟ್ಟಿನ ಟ್ರಪೀಜಿಯಂ ಎಂಬ ಪುಟ್ಟ ಮೂಳೆಯಲ್ಲಿ ಒಂದು ಬಟ್ಟಲು, ಹೆಬ್ಬೆರಳಿನ ಮೂಳೆಯೊಳಗೆ ಟೈಟಾನಿಯಂ ಕಡ್ಡಿ, ನಡುವೆ ಗುಂಡು. ನನ್ನದು ಡ್ಯುಯಲ್ ಮೊಬಿಲಿಟಿ. ಗುಂಡು ಪ್ಲಾಸ್ಟಿಕ್ ಚಿಪ್ಪಿನೊಳಗೆ ತಿರುಗುತ್ತದೆ, ಆ ಚಿಪ್ಪು ಬಟ್ಟಲಿನೊಳಗೆ ತಿರುಗುತ್ತದೆ. ಹಾಗಾಗಿ ಕೀಲು ಜಾರುವ ಭಯ ಕಡಿಮೆ.

ಇದೇ ನೋವಿಗೆ ನಮ್ಮ ಅಕ್ಕನಿಗೆ ಆ ಟ್ರಪೀಜಿಯಂ ಮೂಳೆಯನ್ನೇ ತೆಗೆದಿದ್ದರು. ಅದು ಹಳೆಯ, ನಂಬಿಕೆಯ ದಾರಿ. ಅವಳ ನೋವೂ ಹೋಗಿದೆ. ಆದರೆ ಹಿಡಿತ ಬರಲು ಎಂಟು ತಿಂಗಳು ಬೇಕಾಯಿತು, ಹೆಬ್ಬೆರಳು ಸ್ವಲ್ಪ ಗಿಡ್ಡವೂ ಆಯಿತು. ನಾನು ಆರನೇ ವಾರಕ್ಕೇ ಹೂ ಕಟ್ಟಿದೆ. ಒಂದೇ ಮೊಳ, ಆದರೂ ಕಣ್ಣು ತುಂಬಿ ಬಂತು.

ಎಲ್ಲಾ ಸಲೀಸಾಗಿತ್ತು ಅಂತಲ್ಲ. ಮೂರನೇ ತಿಂಗಳು ಮಣಿಕಟ್ಟಿನ ಪಕ್ಕದ ಸ್ನಾಯುರಜ್ಜು ಊದಿಕೊಂಡು ಮತ್ತೆ ಸ್ಪ್ಲಿಂಟ್ ಬಂತು. ಒದ್ದೆ ಬೆಡ್‌ಶೀಟ್ ಹಿಂಡುವುದನ್ನು ಬಿಟ್ಟೇಬಿಟ್ಟಿದ್ದೇನೆ. ಬಟ್ಟಲು ಸಡಿಲವಾಗಬಹುದು, ಪ್ಲಾಸ್ಟಿಕ್ ಸವೆಯಬಹುದು. ಅದಕ್ಕೇ ವರ್ಷಕ್ಕೊಂದು ಎಕ್ಸ್‌ರೇ ತಪ್ಪಿಸುವುದಿಲ್ಲ. ಕೆಟ್ಟರೆ ಆಮೇಲೆ ಅಕ್ಕನ ಥರ ಮೂಳೆ ತೆಗೆಸುವ ದಾರಿ ಇದ್ದೇ ಇದೆ, ಅಲ್ವಾ?

ಸಿಟ್ಟು ಬಂದದ್ದು ಆಸ್ಪತ್ರೆಯ ಮೇಲೆ. ಮೊದಲು ಕೊಟ್ಟ ಎಸ್ಟಿಮೇಟ್‌ನಲ್ಲಿ ಇಂಪ್ಲಾಂಟಿನ ಬೆಲೆಯೇ ಇರಲಿಲ್ಲ. ಇಂಪ್ಲಾಂಟಿನ ವಿವರ ಇರುವ ಸ್ಟಿಕ್ಕರ್‌ಗೆ ಮೂರು ಸಲ ಅಲೆದೆ. ನೀವು ಹಾಕಿಸಿದರೆ ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ. ಮುಂದೆ ಎಂಆರ್‌ಐ ಮಾಡಿಸುವಾಗ, ಮತ್ತೆ ಆಪರೇಷನ್ ಬಂದರೆ, ಒಳಗಿರುವುದು ಯಾವುದು, ಯಾವ ಸೈಜು ಎಂದು ಅದರಿಂದಲೇ ಗೊತ್ತಾಗುವುದು.

ಮೊನ್ನೆ ಎರಡು ಕಿಲೋ ಅವರೆ ನಾನೊಬ್ಬಳೇ ಹಿತಕಿದೆ. ಈಗ ಎಡಗೈಗೂ ನೋವು ಶುರುವಾಗಿದೆ. ಸ್ಪ್ಲಿಂಟಿಗೆ ಬಗ್ಗದಿದ್ದರೆ ಅದಕ್ಕೂ ಇದನ್ನೇ ಹಾಕಿಸುತ್ತೇನೆ.